ಬಿಡದ ಜ್ವರ ಮತ್ತು ಹೃದಯದ ಒಳಪೊರೆ

ಹೃದಯದ ನಾಲ್ಕು ಕೋಣೆಗಳ ಒಳಗೋಡೆಗೂ ಕವಾಟಗಳಿಗೂ ಹೊದಿಸಿದಂತೆ ಒಂದು ತೆಳುಪೊರೆ ಇದೆ. ಇದೇ ಎಂಡೋಕಾರ್ಡಿಯಂ, ಅಂದರೆ ಹೃದಯದ ಒಳಪೊರೆ. ರೇಷ್ಮೆಯಷ್ಟು ನುಣುಪಾದ ಈ ಪೊರೆಯ ಮೇಲೆ ರಕ್ತ ಎಲ್ಲೂ ಅಂಟದೆ, ಎಲ್ಲೂ ಹೆಪ್ಪುಗಟ್ಟದೆ ಜಾರಿ ಹೋಗುತ್ತದೆ. ಆ ನುಣುಪು ಒಂದು ಕಡೆ ಕೆಟ್ಟು, ಕೆಟ್ಟ ಜಾಗದಲ್ಲಿ ಬ್ಯಾಕ್ಟೀರಿಯಾ ನೆಲೆಯೂರಿದರೆ ಬರುವ ಕಾಯಿಲೆ ಇನ್‌ಫೆಕ್ಟಿವ್ ಎಂಡೋಕಾರ್ಡೈಟಿಸ್, ಒಳಪೊರೆಯ ಸೋಂಕು. ಮಕ್ಕಳಲ್ಲಿ ಇದು ಅಪರೂಪ. ಸರಿಯಾಗಿ ಲೆಕ್ಕ ಇಟ್ಟಿರುವ ದೇಶಗಳಲ್ಲಿ ವರ್ಷಕ್ಕೆ ಲಕ್ಷ ಮಕ್ಕಳಲ್ಲಿ ಒಬ್ಬರಿಗಿಂತಲೂ ಕಡಿಮೆ ಮಂದಿಗೆ ಬರುತ್ತದೆ. ಆದರೆ ಬಂದ ಮೇಲೆ ತಾನಾಗಿ ವಾಸಿಯಾಗುವ ಕಾಯಿಲೆ ಇದಲ್ಲ. ಚಿಕಿತ್ಸೆ ಸಿಗದಿದ್ದರೆ ಸಾವು ಬಹುತೇಕ ಖಚಿತ. ಒಳ್ಳೆಯ ಆಸ್ಪತ್ರೆಗಳಲ್ಲೂ ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಂದಿಯನ್ನು ಉಳಿಸಿಕೊಳ್ಳಲಾಗುವುದಿಲ್ಲ.

ಹೃದಯಕ್ಕೆ ಹೊರಗಡೆಯೂ ಚೀಲದಂಥ ಒಂದು ಪೊರೆ ಇದೆ, ಪೆರಿಕಾರ್ಡಿಯಂ. ಅದಕ್ಕೆ ಉರಿಯೂತ ಬಂದರೆ ಎದೆ ನೋಯುತ್ತದೆ, ಹೃದಯದ ಸುತ್ತ ನೀರು ತುಂಬುತ್ತದೆ. ಅದು ಬೇರೆಯೇ ಕಾಯಿಲೆ. ಒಳಪೊರೆಯೇ ದಪ್ಪಗಟ್ಟಿ ಹೃದಯವನ್ನು ಬಿಗಿಯುವ, ಸೋಂಕಿಲ್ಲದ ಕಾಯಿಲೆಗಳೂ ಇವೆ. ಅವುಗಳಲ್ಲಿ ಒಂದಾದ ಎಂಡೋಮಯೋಕಾರ್ಡಿಯಲ್ ಫೈಬ್ರೋಸಿಸ್ ಒಂದು ಕಾಲಕ್ಕೆ ಕೇರಳದಲ್ಲಿ ಮಕ್ಕಳನ್ನೂ ಹರೆಯದವರನ್ನೂ ಕಾಡುತ್ತಿತ್ತು, ಈಗ ಬಹಳ ಇಳಿದಿದೆ. ಇಲ್ಲಿ ಹೇಳಹೊರಟಿರುವುದು ಸೋಂಕಿನ ವಿಷಯ. ಏಕೆಂದರೆ ಬೇಗ ಗುರುತು ಹಿಡಿದರೆ ಪೂರ್ತಿ ಗುಣಪಡಿಸಬಹುದಾದದ್ದು ಇದು, ಮತ್ತು ಗುರುತು ಹಿಡಿಯುವಲ್ಲಿ ಎಲ್ಲಕ್ಕಿಂತ ಹೆಚ್ಚು ತಪ್ಪು ನಡೆಯುವುದೂ ಇದರಲ್ಲೇ.

ಸುಳಿಯಲ್ಲಿ ನಿಲ್ಲುವ ಹೂಳು

ರಕ್ತದಲ್ಲಿ ಬ್ಯಾಕ್ಟೀರಿಯಾ ಸುಳಿದಾಡುವುದು ವಿಶೇಷವೇನಲ್ಲ. ಹಲ್ಲುಜ್ಜುವಾಗ, ಗಟ್ಟಿ ಚಕ್ಕುಲಿ ಅಗಿಯುವಾಗ ಒಸಡಿನ ಸಣ್ಣ ಗೀರುಗಳಿಂದ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತವೆ. ಸ್ವಲ್ಪ ಹೊತ್ತಿನಲ್ಲೇ ದೇಹ ಅವನ್ನು ಹಿಡಿದು ನಾಶ ಮಾಡುತ್ತದೆ. ಆರೋಗ್ಯವಾಗಿರುವ ಒಳಪೊರೆಗೆ ಅವು ಅಂಟುವುದೂ ಇಲ್ಲ. ಅಂಟಬೇಕಾದರೆ ಪೊರೆ ಮೊದಲೇ ತರಚಿರಬೇಕು.

ತರಚುವುದು ರಕ್ತದ ರಭಸದಿಂದ. ಎಡ ಮತ್ತು ಬಲ ಹೃತ್ಕುಕ್ಷಿಗಳ, ಅಂದರೆ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದಲೇ ಸಣ್ಣ ರಂಧ್ರವಿದ್ದರೆ, ಎಡಗಡೆಯ ಹೆಚ್ಚಿನ ಒತ್ತಡದ ರಕ್ತ ಆ ರಂಧ್ರದಿಂದ ಪಿಚಕಾರಿಯಂತೆ ಬಲಗಡೆಗೆ ಚಿಮ್ಮುತ್ತದೆ. ಒಂದೇ ಜಾಗಕ್ಕೆ ದಿನಕ್ಕೆ ಲಕ್ಷಕ್ಕೂ ಹೆಚ್ಚು ಬಾರಿ ಬಡಿಯುವ ಆ ಧಾರೆ ಪೊರೆಯನ್ನು ಕೆರೆಯುತ್ತದೆ. ಕೆರೆದ ಜಾಗಕ್ಕೆ ತೇಪೆ ಹಾಕುವಂತೆ ಪ್ಲೇಟ್‌ಲೆಟ್‌ಗಳೂ ಫೈಬ್ರಿನ್ ಎಳೆಗಳೂ ಬಂದು ಕೂರುತ್ತವೆ. ಈ ತೇಪೆಯೇ ಬ್ಯಾಕ್ಟೀರಿಯಾಗಳಿಗೆ ಕಾಲೂರುವ ನೆಲ.

ಒಡ್ಡಿನ ಕಿಂಡಿಯಿಂದ ನುಗ್ಗಿದ ನೀರು ಕಿಂಡಿ ದಾಟಿದ ಕೂಡಲೇ ಪಕ್ಕಕ್ಕೆ ಸುಳಿ ಕಟ್ಟುತ್ತದೆ, ಹೂಳು ನಿಲ್ಲುವುದು ಆ ಸುಳಿಯ ಜಾಗದಲ್ಲೇ. ಹೃದಯದಲ್ಲೂ ಹೀಗೆಯೇ ಆಗುತ್ತದೆಂದು ಅಮೆರಿಕದ ಸೈಮನ್ ರಾಡ್‌ಬಾರ್ಡ್ 1963ರಲ್ಲಿ ವಿವರಿಸಿದರು. ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಅಗರ್ ಲೇಪಿಸಿದ, ಒಂದು ಕಡೆ ಕಿರಿದಾದ ಕೊಳವೆಯೊಳಗೆ ಬ್ಯಾಕ್ಟೀರಿಯಾ ತುಂಬಿದ ತುಂತುರನ್ನು ಹಾಯಿಸಿದರೆ, ವಸಾಹತುಗಳು ಬೆಳೆಯುವುದು ಕಿರಿದಾದ ಜಾಗದ ಮುಂಚೆ ಅಲ್ಲ, ಅದನ್ನು ದಾಟಿದ ಕೂಡಲೇ, ಒತ್ತಡ ಇಳಿಯುವಲ್ಲಿ. ದೊಡ್ಡ ರಂಧ್ರಕ್ಕಿಂತ ಸಣ್ಣ ರಂಧ್ರ ಕೆಲವೊಮ್ಮೆ ಹೆಚ್ಚು ಅಪಾಯ ತರುವುದೇಕೆ ಎಂಬುದಕ್ಕೆ ಇದರಲ್ಲಿ ಉತ್ತರವಿದೆ. ಮೇಲಿನ ಎರಡು ಕೋಣೆಗಳ ನಡುವಿನ ಸಾಮಾನ್ಯ ರಂಧ್ರದಲ್ಲಿ ರಕ್ತ ನಿಧಾನವಾಗಿ ಹರಿಯುವುದರಿಂದ ಅಲ್ಲಿ ಈ ಸೋಂಕು ಬರುವುದೇ ಇಲ್ಲ ಎನ್ನುವಷ್ಟು ಕಡಿಮೆ. ‘ಸಣ್ಣ ತೂತು ಅಷ್ಟೇ, ಏನೂ ಆಗಲ್ಲ’ ಎಂದು ಕೇಳಿಸಿಕೊಂಡು ಮರೆತುಬಿಡುವ ಮನೆಯವರು, ರಭಸದ ಧಾರೆಯ ಸಣ್ಣ ರಂಧ್ರವೂ ಅಪಾಯ ತರಬಹುದು ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಯಾವ ಮಕ್ಕಳಿಗೆ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಕಾಲದೊಂದಿಗೆ ಬದಲಾಗಿದೆ. ಹಿಂದೆ ರುಮ್ಯಾಟಿಕ್ ಜ್ವರದಿಂದ ಕವಾಟ ಹಾಳಾದ ಮಕ್ಕಳೇ ಹೆಚ್ಚು. ಶ್ರೀಮಂತ ದೇಶಗಳಲ್ಲಿ ರುಮ್ಯಾಟಿಕ್ ಜ್ವರ ಮರೆಯಾದ ಮೇಲೆ ಜನ್ಮಜಾತ ಹೃದಯ ದೋಷ ಮೊದಲ ಸ್ಥಾನಕ್ಕೆ ಬಂತು. ಭಾರತದಲ್ಲಿ ಎರಡೂ ಇವೆ. ಸಾವಿರ ಶಿಶುಗಳಲ್ಲಿ ಸುಮಾರು ಎಂಟು ಹೃದಯ ದೋಷದೊಂದಿಗೆ ಹುಟ್ಟುತ್ತವೆ. ಶಸ್ತ್ರಚಿಕಿತ್ಸೆ ಸುಧಾರಿಸಿ ಈ ಮಕ್ಕಳು ಬದುಕಿ ಬೆಳೆಯುತ್ತಿರುವುದು ದೊಡ್ಡ ಸಂತೋಷ. ಜೊತೆಗೆ ಅವರ ಹೃದಯದಲ್ಲಿ ಕೂರಿಸಿದ ತೇಪೆ, ಕೃತಕ ಕವಾಟ, ನಳಿಕೆಗಳು ಸೋಂಕಿಗೆ ಹೊಸ ಜಾಗಗಳಾಗಿವೆ ಎಂಬುದೂ ನಿಜ. ಇನ್ನೊಂದು ಗುಂಪು ತೀವ್ರ ನಿಗಾ ಘಟಕದ ನವಜಾತ ಶಿಶುಗಳದ್ದು. ದಿನ ತುಂಬದೆ ಹುಟ್ಟಿದ ಕೂಸಿಗೆ ಪೋಷಣೆ ಕೊಡಲು ದೊಡ್ಡ ರಕ್ತನಾಳದಲ್ಲಿ ಇಳಿಸಿದ ನಳಿಕೆಯ ತುದಿ ಹೃದಯದ ಗೋಡೆಗೆ ತಾಗಿ ತರಚಿದರೆ, ದೋಷವೇ ಇಲ್ಲದ ಹೃದಯದಲ್ಲೂ ಸೋಂಕು ಹುಟ್ಟುತ್ತದೆ. ಈ ಸೋಂಕು ತಗಲಿದ ಒಟ್ಟು ಮಕ್ಕಳಲ್ಲಿ ಹತ್ತಕ್ಕೆ ಸುಮಾರು ಒಬ್ಬರಿಗೆ ಹೃದಯ ದೋಷದ ಹಿನ್ನೆಲೆಯೇ ಇರುವುದಿಲ್ಲ.

ತಿಂಗಳುಗಟ್ಟಲೆ ಕಾಡುವ ಕಾವು

ಕಾಯಿಲೆಗೆ ಎರಡು ನಡೆಗಳಿವೆ. ಸ್ಟ್ಯಾಫಿಲೊಕಾಕಸ್ ಆರಿಯಸ್ ಹೊಕ್ಕಿದರೆ ಎಲ್ಲವೂ ರಭಸ. ಸುಡುವ ಜ್ವರ, ಚಳಿ ನಡುಕ, ಕೆಲವೇ ದಿನಗಳಲ್ಲಿ ಹರಿದುಹೋದ ಕವಾಟ. ಮಗು ಮೊದಲ ನೋಟಕ್ಕೇ ತೀರಾ ಬಳಲಿರುತ್ತದೆ, ಹಾಗಾಗಿ ಆಸ್ಪತ್ರೆಯೂ ಬೇಗ ಸಿಗುತ್ತದೆ. ಮೋಸ ಮಾಡುವುದು ಎರಡನೆಯ ನಡೆ. ಬಾಯಿಯಲ್ಲಿ ಎಲ್ಲರಿಗೂ ಇರುವ ಸಾಧು ಸ್ವಭಾವದ ವಿರಿಡಾನ್ಸ್ ಸ್ಟ್ರೆಪ್ಟೊಕಾಕಸ್ ಹೃದಯ ಸೇರಿದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಸದ್ದಿಲ್ಲದೆ ಕೆಲಸ ಮಾಡುತ್ತದೆ.

ಹೀಗಾದಾಗ ನಡೆಯುವುದು ಬಹುಪಾಲು ಒಂದೇ ರೀತಿ. ಶಾಲೆಗೆ ಹೋಗುವ ಮಗುವಿಗೆ ಸಂಜೆ ಮೈ ಬೆಚ್ಚಗಾಗುತ್ತದೆ, ರಾತ್ರಿ ಬೆವರುತ್ತದೆ, ಬೆಳಿಗ್ಗೆ ಎದ್ದಾಗ ಜ್ವರ ಇಲ್ಲ. ಊಟ ಸೇರುವುದಿಲ್ಲ, ಆಟ ಬೇಡ, ಕೈಕಾಲು ನೋವು, ಯೂನಿಫಾರ್ಮ್ ಸಡಿಲ. ಹತ್ತಿರದ ಕ್ಲಿನಿಕ್‌ನಲ್ಲಿ ಐದು ದಿನದ ಆಂಟಿಬಯೋಟಿಕ್ ಸಿರಪ್ ಬರೆದುಕೊಡುತ್ತಾರೆ. ಎರಡನೆಯ ದಿನಕ್ಕೆ ಜ್ವರ ಬಿಡುತ್ತದೆ. ಸಿರಪ್ ಮುಗಿದ ವಾರದೊಳಗೆ ಮತ್ತೆ ಬರುತ್ತದೆ. ಆಗ ಟೈಫಾಯ್ಡ್ ಇರಬಹುದೆಂದು ಇನ್ನೊಂದು ಸುತ್ತು ಆಂಟಿಬಯೋಟಿಕ್. ಹೀಗೆ ಎರಡು ಮೂರು ಸುತ್ತು ಮುಗಿಯುವ ಹೊತ್ತಿಗೆ ಒಂದೂವರೆ ತಿಂಗಳು ಕಳೆದಿರುತ್ತದೆ. ಪ್ರತಿ ಸುತ್ತೂ ರಕ್ತದಲ್ಲಿರುವ ಬ್ಯಾಕ್ಟೀರಿಯಾಗಳನ್ನಷ್ಟೇ ಕೊಂದಿರುತ್ತದೆ. ಕವಾಟದ ಮೇಲಿನ ಗೂಡಿನಲ್ಲಿ ಕುಳಿತವು ಹಾಗೇ ಉಳಿದಿರುತ್ತವೆ.

ಹಳೆಯ ವೈದ್ಯರು ಈ ಕಾಯಿಲೆಯನ್ನು ಕೈಯಲ್ಲಿ, ಉಗುರಲ್ಲಿ, ಕಣ್ಣಲ್ಲಿ ಹುಡುಕುತ್ತಿದ್ದರು. ಕೆನಡಾ ಮೂಲದ ವಿಲಿಯಂ ಆಸ್ಲರ್ 1885ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನಲ್ಲಿ ಕೊಟ್ಟ ಉಪನ್ಯಾಸಗಳು ಚದುರಿಹೋಗಿದ್ದ ಲಕ್ಷಣಗಳನ್ನು ಒಂದು ಕಾಯಿಲೆಯಾಗಿ ಕಟ್ಟಿಕೊಟ್ಟವು. ಬೆರಳ ತುದಿಯಲ್ಲಿ ಮುಟ್ಟಿದರೆ ನೋಯುವ ಸಣ್ಣ ಗಂಟುಗಳಿಗೆ ಇಂದಿಗೂ ಅವರದೇ ಹೆಸರು. ಅಂಗೈ ಅಂಗಾಲಲ್ಲಿ ನೋವಿಲ್ಲದ ಕೆಂಪು ಮಚ್ಚೆಗಳು, ಉಗುರಿನ ಕೆಳಗೆ ಸಿಬಿರು ಚುಚ್ಚಿಕೊಂಡಂತೆ ಕಾಣುವ ರಕ್ತದ ಗೆರೆಗಳು, ಅಕ್ಷಿಪಟಲದಲ್ಲಿ ಬಿಳಿ ನಡುವಿನ ರಕ್ತದ ಕಲೆಗಳು ಈ ಸಾಲಿನ ಇತರ ಗುರುತುಗಳು. ಮಕ್ಕಳಲ್ಲಿ ಇವು ಕಾಣುವುದು ಕಡಿಮೆ. ಅವಿಲ್ಲ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎನ್ನುವಂತಿಲ್ಲ. ಗುಲ್ಮ ದೊಡ್ಡದಾಗುವುದು, ರಕ್ತಹೀನತೆ, ಮೂತ್ರದಲ್ಲಿ ರಕ್ತದ ಕಣಗಳು ಇವು ಇನ್ನೂ ಸಾಮಾನ್ಯ. ಸ್ಟೆಥಸ್ಕೋಪಿನಲ್ಲಿ ಹೊಸ ಮರ್ಮರ ಕೇಳಿಸಬೇಕೆಂದು ಪುಸ್ತಕ ಹೇಳುತ್ತದೆ. ಆದರೆ ಈ ಮಕ್ಕಳಲ್ಲಿ ಹೆಚ್ಚಿನವರ ಎದೆಯಲ್ಲಿ ಹುಟ್ಟಿನಿಂದಲೇ ಮರ್ಮರವಿದೆ. ಅದರೊಳಗೆ ಹೊಸದನ್ನು ಹೆಕ್ಕುವುದು ಆ ಮಗುವನ್ನು ಮೊದಲಿನಿಂದ ನೋಡುತ್ತ ಬಂದ ವೈದ್ಯರಿಗೆ ಮಾತ್ರ ಸಾಧ್ಯ.

ಕೆಲವೊಮ್ಮೆ ಕಾಯಿಲೆ ಮೊದಲ ಬಾರಿಗೆ ಕಾಣಿಸಿಕೊಳ್ಳುವುದೇ ಅನಾಹುತದ ರೂಪದಲ್ಲಿ. ಕವಾಟದ ಮೇಲೆ ಬೆಳೆದ ಗಂಟಿಗೆ ವೈದ್ಯರು ವೆಜಿಟೇಶನ್ ಎನ್ನುತ್ತಾರೆ. ಅದು ಹೂಕೋಸಿನ ಚೂರಿನಂತೆ ಪುಡಿಪುಡಿಯಾಗಿರುತ್ತದೆ. ಅದರ ಒಂದು ಚೂರು ಕಳಚಿ ಎಡ ಹೃದಯದಿಂದ ಹೊರಟರೆ ಮಿದುಳಿನ ರಕ್ತನಾಳ ಮುಚ್ಚಿ ಮಗುವಿಗೆ ಲಕ್ವ ಹೊಡೆಯಬಹುದು. ಬಲ ಹೃದಯದಿಂದ ಹೊರಟರೆ ಶ್ವಾಸಕೋಶ ಸೇರಿ ನ್ಯುಮೋನಿಯಾದಂತೆ ತೋರುತ್ತದೆ. ಹೃದಯದಲ್ಲಿ ರಂಧ್ರವಿರುವ ಮಗುವಿಗೆ ಮತ್ತೆ ಮತ್ತೆ ‘ನ್ಯುಮೋನಿಯಾ’ ಬರುತ್ತಿದ್ದರೆ ಒಮ್ಮೆ ಈ ದಿಕ್ಕಿನಲ್ಲೂ ಯೋಚಿಸಬೇಕು.

ಮೊದಲು ರಕ್ತ, ಆಮೇಲೆ ಔಷಧ

ಪತ್ತೆಯ ಇಡೀ ಕ್ರಮದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅಗ್ಗದ, ಹಳೆಯ ಪರೀಕ್ಷೆಯೊಂದು: ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವುದು. ಅದರ ಬೆಲೆ ಏನೆಂಬುದಕ್ಕೆ 1911ರ ನ್ಯೂಯಾರ್ಕಿನ ಒಂದು ಘಟನೆ ಸಾಕ್ಷಿ. ಸಂಗೀತ ಸಂಯೋಜಕ ಗುಸ್ತಾವ್ ಮಾಲರ್ ವಾರಗಟ್ಟಲೆ ಜ್ವರದಿಂದ ನರಳುತ್ತಿದ್ದರು. ಅವರ ಕವಾಟದಲ್ಲಿ ದೋಷವಿರುವುದು ಕೆಲವು ವರ್ಷ ಮುಂಚೆಯೇ ಗೊತ್ತಾಗಿತ್ತು. ಮೌಂಟ್ ಸಿನಾಯ್ ಆಸ್ಪತ್ರೆಯ ಇಮಾನ್ಯುಯೆಲ್ ಲಿಬ್‌ಮನ್ ತಮ್ಮ ಕಿರಿಯ ಸಹಾಯಕ ಜಾರ್ಜ್ ಬೇರ್ ಅವರನ್ನು ಕರೆಸಿದರು. ಬೇರ್ ತೋಳಿನ ರಕ್ತನಾಳದಿಂದ 20 ಮಿಲಿಲೀಟರ್ ರಕ್ತ ತೆಗೆದು, ಒಂದು ಭಾಗವನ್ನು ಸಾರು ತುಂಬಿದ ಫ್ಲಾಸ್ಕುಗಳಿಗೂ ಉಳಿದದ್ದನ್ನು ಅಗರ್ ತಟ್ಟೆಗಳಿಗೂ ಹಾಕಿದರು. ನಾಲ್ಕೈದು ದಿನಗಳಲ್ಲಿ ತಟ್ಟೆಗಳ ತುಂಬ ವಿರಿಡಾನ್ಸ್ ಸ್ಟ್ರೆಪ್ಟೊಕಾಕಸ್ ಬೆಳೆದಿತ್ತು. ರೋಗ ಖಚಿತವಾಯಿತು, ಆದರೆ ಔಷಧ ಇರಲಿಲ್ಲ. ಮಾಲರ್ ಅದೇ ವರ್ಷ ಮೇ 18ರಂದು ವಿಯೆನ್ನಾದಲ್ಲಿ ತೀರಿಕೊಂಡರು. ಇಂದು ಔಷಧವಿದೆ. ವಿಷಾದವೆಂದರೆ, ರಕ್ತ ತೆಗೆಯುವ ಮುಂಚೆಯೇ ಆ ಔಷಧವನ್ನು ಕೊಟ್ಟುಬಿಡುವುದರಿಂದ ಮಾಲರ್ ಅವರಿಗೆ ಸಿಕ್ಕಷ್ಟು ಸ್ಪಷ್ಟ ಉತ್ತರ ಎಷ್ಟೋ ಮಕ್ಕಳಿಗೆ ಸಿಗುತ್ತಿಲ್ಲ.

ಈಗಿನ ಕ್ರಮ ಹೀಗಿದೆ. ತೋಳಿನ ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್‌ನಿಂದ ಒರೆಸಿ, ಅದು ತಾನಾಗಿ ಒಣಗುವವರೆಗೆ ಕಾಯುತ್ತಾರೆ. ಆ ಅರ್ಧ ನಿಮಿಷದ ಕಾಯುವಿಕೆಯನ್ನು ಬಿಟ್ಟರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾವೇ ಬಾಟಲಿ ಸೇರಿ ದಾರಿ ತಪ್ಪಿಸುತ್ತದೆ. ಬಾಟಲಿಯ ರಬ್ಬರ್ ಮುಚ್ಚಳವನ್ನೂ ಸ್ಪಿರಿಟ್‌ನಿಂದ ಒರೆಸುತ್ತಾರೆ. ಹಸುಗೂಸಾದರೆ 1ರಿಂದ 3 ಮಿಲಿಲೀಟರ್, ದೊಡ್ಡ ಮಗುವಾದರೆ 5ರಿಂದ 7 ಮಿಲಿಲೀಟರ್ ರಕ್ತ. ಒಂದು ಸಲವಲ್ಲ, ಮೂರು ಸಲ, ಬೇರೆ ಬೇರೆ ಜಾಗದಿಂದ. ಮೂರೂ ಬಾಟಲಿಯಲ್ಲಿ ಒಂದೇ ಬ್ಯಾಕ್ಟೀರಿಯಾ ಬೆಳೆದರೆ ಅದು ಚರ್ಮದ ಕೊಳೆಯಲ್ಲ, ರಕ್ತದಲ್ಲೇ ಇದ್ದದ್ದು ಎಂದು ನಂಬಬಹುದು. ಜ್ವರ ಏರಿದಾಗಲೇ ತೆಗೆಯಬೇಕೆಂದು ಕಾಯುವ ಅಗತ್ಯವಿಲ್ಲ, ಏಕೆಂದರೆ ಈ ಕಾಯಿಲೆಯಲ್ಲಿ ಬ್ಯಾಕ್ಟೀರಿಯಾ ಹೃದಯದ ಗೂಡಿನಿಂದ ಎಡೆಬಿಡದೆ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಬಾಟಲಿಗಳು ಯಂತ್ರದೊಳಗೆ ದೇಹದ ಕಾವಿನಲ್ಲಿ ಐದು ದಿನ ಕೂರುತ್ತವೆ. ಒಳಗೆ ಏನಾದರೂ ಬೆಳೆದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಯಂತ್ರ ಎಚ್ಚರಿಕೆ ಕೊಡುತ್ತದೆ. ಹೆಚ್ಚಿನವು ಮೊದಲ ಎರಡು ದಿನದಲ್ಲೇ ಉತ್ತರ ಹೇಳುತ್ತವೆ.

ಮಗು ತೀರಾ ಅಸ್ವಸ್ಥವಾಗಿಲ್ಲದಿದ್ದರೆ ಈ ಎರಡು ದಿನ ಆಂಟಿಬಯೋಟಿಕ್ ಇಲ್ಲದೆ ಕಾಯಬಹುದು. ತೀರಾ ಬಳಲಿದ್ದರೂ ಒಂದೆರಡು ಗಂಟೆಯೊಳಗೆ ಮೂರು ಮಾದರಿ ತೆಗೆದು ಆಮೇಲೆ ಔಷಧ ಶುರು ಮಾಡಬಹುದು. ಒಂದೇ ಒಂದು ಡೋಸ್ ಮೊದಲೇ ಬಿದ್ದಿದ್ದರೂ ಬಾಟಲಿ ಖಾಲಿ ಬರುವ ಸಂಭವ ಏರುತ್ತದೆ. ಆಗ ಯಾವ ಬ್ಯಾಕ್ಟೀರಿಯಾ ಎಂದು ತಿಳಿಯದೆ, ಎರಡು ಮೂರು ಬಲವಾದ ಔಷಧಗಳನ್ನು ಊಹೆಯ ಮೇಲೆ ಕೊಡಬೇಕಾಗುತ್ತದೆ, ಅವುಗಳ ಅಡ್ಡಪರಿಣಾಮವನ್ನು ಮಗು ಅನುಭವಿಸಬೇಕಾಗುತ್ತದೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಆಂಟಿಬಯೋಟಿಕ್ ಸಿಗುವ ನಮ್ಮಂಥ ದೇಶದಲ್ಲಿ ಕಲ್ಚರ್ ಖಾಲಿ ಬರುವ ಪ್ರಮಾಣ ಹೆಚ್ಚಿರುವುದು ಇದೇ ಕಾರಣಕ್ಕೆ.

ಔಷಧ ಕೊಡದಿದ್ದರೂ ಕೆಲವು ಬ್ಯಾಕ್ಟೀರಿಯಾಗಳು ಬಾಟಲಿಯಲ್ಲಿ ಸುಲಭಕ್ಕೆ ಬೆಳೆಯುವುದಿಲ್ಲ. ಹಸಿ ಹಾಲಿನಿಂದ ಬರುವ ಬ್ರುಸೆಲ್ಲಾ, ದನ-ಕುರಿಗಳು ಈಯುವಾಗ ಹರಡುವ ಕಾಕ್ಸಿಯೆಲ್ಲಾ, ಬೆಕ್ಕಿನ ಪರಚುಗಾಯದಿಂದ ಸೇರುವ ಬಾರ್ಟೊನೆಲ್ಲಾ ಇವುಗಳಲ್ಲಿ ಮುಖ್ಯವಾದವು. ಇವಕ್ಕೆ ಪ್ರತಿಕಾಯಗಳ ಪರೀಕ್ಷೆ ಬೇಕು. ಮನೆಯಲ್ಲಿ ದನ ಕಟ್ಟಿದ್ದೀರಾ, ಕಾಯಿಸದ ಹಾಲು ಕುಡಿಸುತ್ತೀರಾ ಎಂದು ವೈದ್ಯರು ಕೇಳಿದರೆ ಅದು ಲೋಕಾಭಿರಾಮದ ಮಾತಲ್ಲ.

ಎರಡನೆಯ ಆಧಾರ ಎಕೋ. ಎದೆಯ ಮೇಲೆ ಜೆಲ್ ಹಚ್ಚಿ ಶಬ್ದದ ಅಲೆಗಳಿಂದ ಹೃದಯವನ್ನು ನೋಡುವ ಈ ಪರೀಕ್ಷೆ ಮಕ್ಕಳಲ್ಲಿ ವಯಸ್ಕರಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಮಕ್ಕಳ ಎದೆಗೋಡೆ ತೆಳು. ತೆರೆಯ ಮೇಲೆ ಕವಾಟದ ಎಲೆಗಳು ತೆರೆದು ಮುಚ್ಚುತ್ತಿರುವಾಗ, ಒಂದು ಎಲೆಯ ಅಂಚಿಗೆ ಅಂಟಿದ ಸಣ್ಣ ಮುದ್ದೆ ತನ್ನದೇ ಲಯದಲ್ಲಿ ಅತ್ತಿತ್ತ ಹೊಯ್ದಾಡುವುದು ಕಂಡರೆ ಅದೇ ವೆಜಿಟೇಶನ್. ದಪ್ಪ ಮೈಯ ಹದಿಹರೆಯದವರಿಗೆ, ಕೃತಕ ಕವಾಟ ಇರುವವರಿಗೆ ಅನ್ನನಾಳದೊಳಗಿಂದ ನೋಡುವ ಎಕೋ ಬೇಕಾಗಬಹುದು. ಮೊದಲ ಎಕೋದಲ್ಲಿ ಏನೂ ಕಾಣದಿದ್ದರೂ ಅನುಮಾನ ಬಲವಾಗಿದ್ದರೆ ವಾರದೊಳಗೆ ಮತ್ತೊಮ್ಮೆ ನೋಡಬೇಕು. ಇಸಿಜಿಯನ್ನು ದಿನವೂ ತೆಗೆಯುವುದಕ್ಕೂ ಕಾರಣವಿದೆ. ಸೋಂಕು ಕವಾಟದ ಬುಡಕ್ಕೆ ಇಳಿದು ಕೀವು ಕಟ್ಟಿದರೆ ಹೃದಯದ ವಿದ್ಯುತ್ ಹಾದಿಗೆ ತಡೆಯಾಗುತ್ತದೆ, ಅದರ ಮೊದಲ ಸುಳಿವು ಇಸಿಜಿಯಲ್ಲಿ ಸಿಗುತ್ತದೆ.

ಯಾವ ಒಂದು ಪರೀಕ್ಷೆಯೂ ಒಂಟಿಯಾಗಿ ತೀರ್ಪು ಕೊಡುವುದಿಲ್ಲ. ಅದಕ್ಕಾಗಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯರು 1994ರಲ್ಲಿ ಒಂದು ಮಾನದಂಡ ರೂಪಿಸಿದರು. ಕಲ್ಚರ್ ಮತ್ತು ಎಕೋ ಅದರ ಎರಡು ದೊಡ್ಡ ಆಧಾರಗಳು. ಜ್ವರ, ಹೃದಯ ದೋಷದ ಹಿನ್ನೆಲೆ, ಮೈಮೇಲಿನ ಗುರುತುಗಳಂಥವು ಸಣ್ಣ ಆಧಾರಗಳು. ಎರಡು ದೊಡ್ಡವು, ಅಥವಾ ಒಂದು ದೊಡ್ಡದು ಮೂರು ಸಣ್ಣವು, ಅಥವಾ ಐದು ಸಣ್ಣವು ಕೂಡಿದರೆ ರೋಗ ಖಚಿತ. 2000ರಲ್ಲಿ ಇದನ್ನು ತಿದ್ದಿದರು. 2023ರ ತಿದ್ದುಪಡಿಯಲ್ಲಿ ಹೃದಯದ ಸಿಟಿ ಮತ್ತು ಪೆಟ್ ಸ್ಕ್ಯಾನ್‌ಗಳಿಗೂ ಜಾಗ ಸಿಕ್ಕಿತು. ಕೃತಕ ಕವಾಟದ ಮೇಲಿನ ಸೋಂಕನ್ನು ಎಕೋ ಸರಿಯಾಗಿ ತೋರಿಸದಿರುವಾಗ ಇವು ನೆರವಿಗೆ ಬರುತ್ತವೆ.

ಆರು ವಾರದ ಹಾಸಿಗೆ

ಪೆನಿಸಿಲಿನ್ ಬರುವ ಮುಂಚೆ ಈ ಕಾಯಿಲೆ ಬಂದವರು ಬದುಕುತ್ತಿರಲಿಲ್ಲ. ಒಂದು ಅಪವಾದವಿತ್ತು, ಅದು ಬಂದದ್ದು ಮಕ್ಕಳ ಶಸ್ತ್ರಚಿಕಿತ್ಸೆಯಿಂದ. ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಾದ ಡಕ್ಟಸ್ ಎಂಬ ರಕ್ತನಾಳ ಕೆಲವು ಮಕ್ಕಳಲ್ಲಿ ತೆರೆದೇ ಉಳಿಯುತ್ತದೆ, ಅದಕ್ಕೂ ಇದೇ ಸೋಂಕು ತಗಲುತ್ತದೆ. 1938ರಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ರಾಬರ್ಟ್ ಗ್ರಾಸ್ ಏಳು ವರ್ಷದ ಹುಡುಗಿಯೊಬ್ಬಳ ಎದೆ ತೆರೆದು ಆ ನಾಳವನ್ನು ದಾರದಿಂದ ಕಟ್ಟಿದರು. ಎರಡು ವರ್ಷದ ನಂತರ ನ್ಯೂಯಾರ್ಕಿನ ಟೂರಾಫ್ ಮತ್ತು ವೆಸೆಲ್, ಸೋಂಕು ತಗುಲಿದ್ದ ಡಕ್ಟಸನ್ನೇ ಕಟ್ಟಿ ರೋಗಿ ಚೇತರಿಸಿಕೊಂಡದ್ದನ್ನು ವರದಿ ಮಾಡಿದರು. ರಭಸದ ಧಾರೆ ನಿಂತರೆ ಬ್ಯಾಕ್ಟೀರಿಯಾದ ನೆಲೆಯೂ ಕುಸಿಯುತ್ತದೆ ಎಂಬುದು ಔಷಧವಿಲ್ಲದೆಯೇ ಸಾಬೀತಾಯಿತು. 1944ರಲ್ಲಿ ಬ್ರೂಕ್ಲಿನ್‌ನ ಲಿಯೊ ಲೋವೆ ಮತ್ತು ಸಂಗಡಿಗರು ಪೆನಿಸಿಲಿನ್ ಜೊತೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪರಿನ್ ಕೊಟ್ಟು ಸಾಲಾಗಿ ಏಳು ರೋಗಿಗಳಿಗೆ ಯಶಸ್ವಿಯಾಗಿ ಚಿಕಿತ್ಸೆ ಮಾಡಿದ್ದನ್ನು ಪ್ರಕಟಿಸಿದ ಮೇಲೆ ಕಾಯಿಲೆಯ ಗತಿಯೇ ಬದಲಾಯಿತು.

ಗಂಟಲು ನೋವಿಗೆ ಐದು ದಿನ ಸಾಕಾಗುವ ಔಷಧ ಇಲ್ಲಿ ನಾಲ್ಕರಿಂದ ಆರು ವಾರ, ಅದೂ ರಕ್ತನಾಳದ ಮೂಲಕವೇ ಏಕೆ ಬೇಕು? ವೆಜಿಟೇಶನ್ನಿನೊಳಗೆ ರಕ್ತನಾಳವಿಲ್ಲ, ಆದ್ದರಿಂದ ಬಿಳಿ ರಕ್ತಕಣಗಳು ಒಳಗೆ ಹೋಗಲಾರವು. ಔಷಧ ಹೊರಗಿನಿಂದ ಜಿನುಗಿ ಒಳಸೇರಬೇಕು. ಅದರ ಒಂದು ಗ್ರಾಂನಲ್ಲಿ ನೂರು ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾ ಇರಬಹುದು, ನಡುಭಾಗದವು ಬೆಳೆಯದೆ ನಿದ್ದೆಯಲ್ಲಿರುವಂತೆ ಇರುತ್ತವೆ. ಪೆನಿಸಿಲಿನ್ ಜಾತಿಯ ಔಷಧ ಕೊಲ್ಲುವುದು ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು. ನಿದ್ದೆಯಲ್ಲಿರುವುದು ಎದ್ದು ವಿಭಜನೆಯಾಗುವವರೆಗೂ ಔಷಧ ಅಲ್ಲೇ ಕಾದು ಕೂತಿರಬೇಕು.

ವಿರಿಡಾನ್ಸ್ ಜಾತಿಗೆ ಪೆನಿಸಿಲಿನ್ ಅಥವಾ ದಿನಕ್ಕೊಮ್ಮೆ ಕೊಡುವ ಸೆಫ್ಟ್ರಿಯಾಕ್ಸೋನ್ ನಾಲ್ಕು ವಾರ. ಸ್ಟ್ಯಾಫಿಲೊಕಾಕಸ್‌ಗೆ ಕ್ಲಾಕ್ಸಾಸಿಲಿನ್ ಗುಂಪಿನ ಔಷಧ ಅಥವಾ ಸೆಫಜೋಲಿನ್, ಅವಕ್ಕೆ ಬಗ್ಗದ ತಳಿಯಾದರೆ ವ್ಯಾಂಕೊಮೈಸಿನ್. ಕೃತಕ ಕವಾಟದ ಮೇಲಿನ ಸೋಂಕಿಗೆ ಕನಿಷ್ಠ ಆರು ವಾರ. ಶಿಲೀಂಧ್ರ ಹೊಕ್ಕಿದ್ದರೆ ಆಂಫೊಟೆರಿಸಿನ್ ಜೊತೆಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೂ ಬೇಕು. ಜೆಂಟಾಮೈಸಿನ್ ಸೇರಿಸಿದರೆ ಮೂತ್ರಪಿಂಡ ಮತ್ತು ಕಿವಿಯ ಮೇಲೆ ಕಣ್ಣಿಟ್ಟಿರಬೇಕು. ಮಾತು ಕಲಿಯುತ್ತಿರುವ ಮಗುವಿನ ಶ್ರವಣಶಕ್ತಿ ಕುಂದಿದರೆ ಅದು ಸಣ್ಣ ನಷ್ಟವಲ್ಲ. ಔಷಧ ಶುರುವಾದ ಮೇಲೆ ದಿನ ಬಿಟ್ಟು ದಿನ ಕಲ್ಚರ್ ತೆಗೆಯುತ್ತಾರೆ. ನಾಲ್ಕು ವಾರದ ಲೆಕ್ಕ ಶುರುವಾಗುವುದು ಮೊದಲ ಸೂಜಿಯ ದಿನದಿಂದಲ್ಲ, ಕಲ್ಚರ್ ಖಾಲಿ ಬಂದ ಮೊದಲ ದಿನದಿಂದ. ಮನೆಯವರಿಗೆ ಇದನ್ನು ಮೊದಲೇ ತಿಳಿಸಿ ಹೇಳಿದರೆ ‘ಇನ್ನೂ ಎಷ್ಟು ದಿನ’ ಎಂಬ ಸಂಕಟ ಸ್ವಲ್ಪ ಕಡಿಮೆಯಾಗುತ್ತದೆ.

ಈ ವಾರಗಳು ಸುಲಭದವಲ್ಲ. ಒಂದು ವಾರಕ್ಕೇ ಜ್ವರ ಬಿಟ್ಟು ಮಗು ಆಡಲು ಹಂಬಲಿಸುತ್ತದೆ. ತೋಳಿನಿಂದ ಎದೆಯ ದೊಡ್ಡ ರಕ್ತನಾಳದವರೆಗೆ ಹೋಗುವ ತೆಳುವಾದ ಪಿಕ್ ಲೈನ್ ಇದ್ದರೆ ದಿನಾ ಚುಚ್ಚುವ ನೋವು ತಪ್ಪುತ್ತದೆ. ತಾಯಿ ವಾರ್ಡಿನಲ್ಲಿ, ತಂದೆ ಕೂಲಿ ಬಿಟ್ಟು ಓಡಾಟದಲ್ಲಿ, ಇನ್ನೊಂದು ಮಗು ಅಜ್ಜಿಯ ಮನೆಯಲ್ಲಿ. ಮಗು ಚೆನ್ನಾಗಿ ಕಾಣುತ್ತಿದೆಯೆಂದು ಮೂರನೇ ವಾರಕ್ಕೆ ಡಿಸ್ಚಾರ್ಜ್ ಬರೆಸಿಕೊಂಡು ಹೋಗುವವರಿದ್ದಾರೆ. ಅವರನ್ನು ದೂರುವ ಬದಲು ಅವರ ದಿನದ ಖರ್ಚಿಗೆ ದಾರಿ ಮಾಡಿಕೊಡುವುದೂ ಚಿಕಿತ್ಸೆಯ ಭಾಗವೇ. ಡೆನ್ಮಾರ್ಕಿನಲ್ಲಿ 400 ವಯಸ್ಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ, ಸ್ಥಿತಿ ಹಿಡಿತಕ್ಕೆ ಬಂದ ಮೇಲೆ ಉಳಿದ ಔಷಧವನ್ನು ಮಾತ್ರೆಯಾಗಿ ಕೊಟ್ಟರೂ ನಡೆಯುತ್ತದೆಂದು ತೋರಿಸಿತು. ಅದರಲ್ಲಿ ಮಕ್ಕಳಿರಲಿಲ್ಲ. ಮಕ್ಕಳಿಗೆ ಇಂದಿಗೂ ರಕ್ತನಾಳದ ದಾರಿಯೇ ದಾರಿ.

ಕವಾಟ ಹರಿದು ಹೃದಯ ಸೋಲತೊಡಗಿದರೆ, ಔಷಧ ಕೊಡುತ್ತಿದ್ದರೂ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಲೇ ಇದ್ದರೆ, ಕವಾಟದ ಬುಡದಲ್ಲಿ ಕೀವು ಕಟ್ಟಿದರೆ, ದೊಡ್ಡ ವೆಜಿಟೇಶನ್ ಕಳಚಿ ಬೀಳುವ ಹಾಗಿದ್ದರೆ ಔಷಧದ ಕೋರ್ಸ್ ಮುಗಿಯಲಿ ಎಂದು ಕಾಯದೆ ಶಸ್ತ್ರಚಿಕಿತ್ಸೆ ಮಾಡಬೇಕು. ಮಕ್ಕಳಲ್ಲಿ ಕವಾಟವನ್ನು ಬದಲಿಸುವುದಕ್ಕಿಂತ ಇದ್ದದ್ದನ್ನೇ ರಿಪೇರಿ ಮಾಡುವುದಕ್ಕೆ ಶಸ್ತ್ರವೈದ್ಯರು ಹೆಣಗುತ್ತಾರೆ. ಮಗು ಬೆಳೆಯುತ್ತದೆ, ಕೃತಕ ಕವಾಟ ಬೆಳೆಯುವುದಿಲ್ಲ. ಲೋಹದ ಕವಾಟ ಹಾಕಿದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ ನುಂಗಬೇಕು, ಪದೇ ಪದೇ ರಕ್ತ ಪರೀಕ್ಷೆ ಮಾಡಿಸಬೇಕು. ಹಳ್ಳಿಯ ಮಗುವಿಗೆ ಇದು ಭಾರ.

ಹಲ್ಲಿನಿಂದ ಹೃದಯಕ್ಕೆ

ಹಲ್ಲು ಕಿತ್ತ ಮೇಲೆ ರಕ್ತದಲ್ಲಿ ಸ್ಟ್ರೆಪ್ಟೊಕಾಕಸ್ ಕಾಣಿಸಿಕೊಳ್ಳುತ್ತದೆಂದು ಇಂಗ್ಲೆಂಡಿನ ಓಕೆಲ್ ಮತ್ತು ಎಲಿಯಟ್ 1935ರಲ್ಲಿ ತೋರಿಸಿದರು. 1955ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್, ಹೃದಯ ದೋಷವಿರುವವರಿಗೆ ಹಲ್ಲಿನ ಚಿಕಿತ್ಸೆಗೆ ಮುಂಚೆ ಆಂಟಿಬಯೋಟಿಕ್ ಕೊಡಬೇಕೆಂದಿತು. ಅರ್ಧ ಶತಮಾನ ಕಳೆದು 2007ರಲ್ಲಿ ಅದೇ ಸಂಸ್ಥೆ ಈ ಸಲಹೆಯನ್ನು ಬಹಳ ಮೊಟಕುಗೊಳಿಸಿತು. ವರ್ಷಕ್ಕೊಮ್ಮೆ ಹಲ್ಲು ಕೀಳಿಸುವುದಕ್ಕಿಂತ ದಿನವೂ ಅಗಿಯುವ, ಉಜ್ಜುವ ಕ್ರಿಯೆಯಿಂದಲೇ ಒಟ್ಟಾರೆ ಹೆಚ್ಚು ಬ್ಯಾಕ್ಟೀರಿಯಾ ರಕ್ತ ಸೇರುತ್ತದೆ ಎಂಬುದು ಅದರ ತರ್ಕ. ಕೃತಕ ಕವಾಟ ಇರುವವರು, ಹಿಂದೆ ಒಮ್ಮೆ ಈ ಸೋಂಕು ಬಂದವರು, ಮೈ ನೀಲಿಗಟ್ಟುವ ಹೃದಯ ದೋಷ ಇನ್ನೂ ಸರಿಪಡಿಸದವರು, ಕೃತಕ ತೇಪೆ ಹಾಕಿ ಆರು ತಿಂಗಳಾಗದವರು ಅಥವಾ ತೇಪೆಯ ಬಳಿ ಇನ್ನೂ ಸೋರಿಕೆ ಇರುವವರು, ಕಸಿ ಮಾಡಿದ ಹೃದಯದಲ್ಲಿ ಕವಾಟ ಕೆಟ್ಟವರು: ಇವರಿಗೆ ಮಾತ್ರ ಈಗ ಮುಂಜಾಗ್ರತೆಯ ಡೋಸ್. ಮಗುವಿನ ತೂಕದ ಪ್ರತಿ ಕಿಲೋಗೆ 50 ಮಿಲಿಗ್ರಾಂನಂತೆ, ಹೆಚ್ಚೆಂದರೆ 2 ಗ್ರಾಂ ಅಮಾಕ್ಸಿಸಿಲಿನ್, ಹಲ್ಲಿನ ಚಿಕಿತ್ಸೆಗೆ ಅರ್ಧದಿಂದ ಒಂದು ಗಂಟೆ ಮುಂಚೆ, ಒಂದೇ ಸಲ. ಪೆನಿಸಿಲಿನ್ ಅಲರ್ಜಿ ಇದ್ದರೆ ವೈದ್ಯರು ಬೇರೆ ಔಷಧ ಆರಿಸುತ್ತಾರೆ.

ರುಮ್ಯಾಟಿಕ್ ಹೃದ್ರೋಗವಿರುವ ಮಕ್ಕಳಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಹಾಕುವ ಪೆನಿಸಿಲಿನ್ ಸೂಜಿ ಬೇರೆ ವಿಷಯ. ಅದು ರುಮ್ಯಾಟಿಕ್ ಜ್ವರ ಮರುಕಳಿಸದಂತೆ ಕಾಯುತ್ತದೆ, ಒಳಪೊರೆಯ ಸೋಂಕಿನಿಂದಲ್ಲ. ‘ಸೂಜಿ ಹಾಕಿಸುತ್ತಿದ್ದೇವಲ್ಲ’ ಎಂಬ ಭರವಸೆಯಲ್ಲಿ ದೀರ್ಘ ಜ್ವರವನ್ನು ಕಡೆಗಣಿಸುವುದು ಅಪಾಯ.

ಹುಳುಕು ಹಲ್ಲಿನ ಬಗೆಗಿನ ಉದಾಸೀನವನ್ನು ಬಿಡುವುದು ಯಾವ ಡೋಸ್‌ಗಿಂತಲೂ ದೊಡ್ಡ ರಕ್ಷಣೆ. ಹಾಲುಹಲ್ಲು ಹೇಗೂ ಬೀಳುತ್ತದೆ ಎಂದು ಸುಮ್ಮನಿರುವ ರೂಢಿ ಹೃದಯ ದೋಷವಿರುವ ಮಗುವಿನ ಮನೆಯಲ್ಲಿ ಸಲ್ಲದು. ಹೃದಯದ ಶಸ್ತ್ರಚಿಕಿತ್ಸೆಗೆ ದಿನ ಗೊತ್ತು ಮಾಡುವ ಮುಂಚೆಯೇ ಹಲ್ಲಿನ ವೈದ್ಯರಿಂದ ಬಾಯಿ ಸರಿಮಾಡಿಸಿಕೊಳ್ಳಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 2013ರಿಂದ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುವ ವೈದ್ಯರ ತಂಡ ಹೃದಯ ದೋಷವನ್ನೂ ಹಲ್ಲಿನ ಹುಳುಕನ್ನೂ ನೋಡುತ್ತದೆ. ಹೃದಯ ದೋಷದ ಅನುಮಾನ ಬಂದ ಮಕ್ಕಳನ್ನು ಕರ್ನಾಟಕದಲ್ಲಿ ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆಗೆ ಕಳಿಸಲು ದಾರಿಯಿದೆ. ತಂಡ ಬರುವ ದಿನ ಮಗುವನ್ನು ಶಾಲೆಗೆ ತಪ್ಪಿಸಬಾರದು.

ಚಿಕಿತ್ಸೆ ಮುಗಿಸಿ ಮನೆಗೆ ಬಂದ ಮಗುವಿಗೆ ಮೊದಲ ಎರಡು ತಿಂಗಳು ಕಾಯಿಲೆ ಮರುಕಳಿಸುವ ಭಯ ಹೆಚ್ಚು. ಒಮ್ಮೆ ಈ ಸೋಂಕು ಬಂದ ಹೃದಯಕ್ಕೆ ಮತ್ತೆ ಬರುವ ಸಂಭವ ಜೀವಮಾನವಿಡೀ ಉಳಿಯುತ್ತದೆ. ಆದ್ದರಿಂದ ಇಂಥ ಮಗುವಿನ, ಹುಟ್ಟಿನಿಂದ ಹೃದಯ ದೋಷವಿರುವ ಪ್ರತಿ ಮಗುವಿನ ತಂದೆತಾಯಿ ಒಂದು ಚೀಟಿಯಲ್ಲಿ ದೋಷದ ಹೆಸರು, ಆದ ಶಸ್ತ್ರಚಿಕಿತ್ಸೆ, ಅಲರ್ಜಿಯ ವಿವರ ಬರೆದು ಮಗುವಿನ ಶಾಲಾ ಚೀಲದಲ್ಲೂ ತಮ್ಮ ಬಳಿಯೂ ಇಟ್ಟುಕೊಳ್ಳಲಿ. ಕಾರಣ ತಿಳಿಯದ ಜ್ವರ ಮೂರು ನಾಲ್ಕು ದಿನ ದಾಟಿದರೆ ಯಾವ ಊರಿನ, ಯಾವ ವೈದ್ಯರ ಮುಂದೆಯಾದರೂ ಸರಿ, ಆ ಚೀಟಿ ತೋರಿಸಿ, ಆಂಟಿಬಯೋಟಿಕ್ ಬರೆಯುವ ಮುಂಚೆ ಬ್ಲಡ್ ಕಲ್ಚರ್ ತೆಗೆಯಿರಿ ಎಂದು ಕೇಳಲಿ.